ಕೈಯಲ್ಲಿ ಕಾರ್ಡ್ ಇದೆ, ಹೆರಿಗೆಗೆ ನಡೆಯಲ್ಲ

ಕಳೆದ ನವೆಂಬರಿನ ಒಂದು ಭಾನುವಾರ ಸಂಜೆ ದಾವಣಗೆರೆ ಕಡೆಯ ಹುಡುಗನೊಬ್ಬ ವಾಟ್ಸಾಪಿನಲ್ಲಿ ಇನ್ಶೂರೆನ್ಸ್ ಕಾರ್ಡಿನ ಫೋಟೊ ಕಳಿಸಿದ. ನ್ಯೂಜೆರ್ಸಿಯ ಕನ್ಸಲ್ಟಿಂಗ್ ಕಂಪನಿಯೊಂದರಲ್ಲಿ ಎಚ್‌1ಬಿ ವೀಸಾ ಮೇಲೆ ಕೆಲಸ. ಹೆಂಡತಿಗೆ ಆಗ ಐದು ತಿಂಗಳು.

"ಸರ್, ಕಾರ್ಡ್ ಕೊಟ್ಟಿದಾರೆ, ಸಂಬಳದಲ್ಲಿ ದುಡ್ಡೂ ಹಿಡೀತಾರೆ. ಆಸ್ಪತ್ರೆಯವ್ರು ಮಾತ್ರ ಹೆರಿಗೆಗೆ ಇದು ನಡೆಯಲ್ಲ ಅಂತಿದಾರೆ. ಒಬಾಮಾಕೇರ್ ಬಂದ್ಮೇಲೆ ಕಂಪನಿಗಳು ಹೀಗೆಲ್ಲ ಮಾಡೋ ಹಾಗಿಲ್ಲ ಅಲ್ವಾ?"

ಮಾಡೋ ಹಾಗಿದೆ. ಇಲ್ಲಿ ಅಮೆರಿಕದ ಕಂಪನಿಗಳಿಗೆ ವಿಮೆ ಪ್ಲಾನ್ ಹೊಂದಿಸಿಕೊಡುವುದೇ ನನ್ನ ಕಸುಬಾದ್ದರಿಂದ, ಅದು ಹೇಗೆ ಸಾಧ್ಯ ಎಂಬುದೂ ಗೊತ್ತು.

2010ರ ಮಾರ್ಚ್ 23ರಂದು ಒಬಾಮಾ ಸಹಿ ಹಾಕಿದ ಆ ಆರೋಗ್ಯ ವಿಮೆ ಕಾಯ್ದೆ ಒಳ್ಳೆಯದನ್ನು ಬಹಳ ಮಾಡಿದೆ. ಹಳೇ ಕಾಯಿಲೆಯ ನೆಪ ಹೇಳಿ ಯಾರನ್ನೂ ಹೊರಗಿಡುವಂತಿಲ್ಲ. ಕೆಲಸಕ್ಕೆ ಸೇರಿದವರನ್ನು ವಿಮೆಗಾಗಿ 90 ದಿನಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಮಕ್ಕಳು 26 ತುಂಬುವವರೆಗೆ ಅಪ್ಪ ಅಮ್ಮನ ಪ್ಲಾನಿನಲ್ಲಿ ಇರಬಹುದು. (ಎಚ್‌4, ಅಂದರೆ ಎಚ್‌1ಬಿಯವರ ಮನೆಯವರಿಗೆ ಸಿಗುವ ವೀಸಾ, ಮಕ್ಕಳಿಗೆ 21ಕ್ಕೇ ಮುಗಿಯುತ್ತದೆ. ಇಲ್ಲೇ ಇರಲು ಬಿಡದ ಮಗನಿಗೂ ವಿಮೆ ಮಾತ್ರ ಇನ್ನೈದು ವರ್ಷ!) ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಹೆರಿಗೆ, ಆಸ್ಪತ್ರೆವಾಸ, ಔಷಧಿ ಎಂದು ಹತ್ತು ಬಗೆಯ ಅಗತ್ಯ ಸೇವೆಗಳನ್ನು ಕಾಯ್ದೆ ಪಟ್ಟಿ ಮಾಡಿದೆಯಲ್ಲ, ಆ ಪಟ್ಟಿ ಕಡ್ಡಾಯವಾಗಿರುವುದು ಜನ ಸ್ವಂತಕ್ಕೆ ಕೊಳ್ಳುವ ಪಾಲಿಸಿಗೆ ಮತ್ತು ಸಣ್ಣ ಕಂಪನಿಗಳು ಕೊಳ್ಳುವ ಪಾಲಿಸಿಗೆ. ದೊಡ್ಡ ಕಂಪನಿಗಳ ಪ್ಲಾನಿಗೆ ಅಲ್ಲ.

ದೊಡ್ಡ ಕಂಪನಿ, ಅಂದರೆ 50 ಅಥವಾ ಹೆಚ್ಚು ಪೂರ್ಣಾವಧಿ ನೌಕರರಿರುವಂಥದ್ದು, ಹೆದರಬೇಕಾದದ್ದು ಎರಡು ದಂಡಗಳಿಗೆ. ಯಾವ ವಿಮೆಯನ್ನೂ ಕೊಡದಿದ್ದರೆ ಮೊದಲನೆಯದು: 2026ರಲ್ಲಿ ಮೊದಲ 30 ಜನರನ್ನು ಬಿಟ್ಟು ಉಳಿದ ಪ್ರತಿ ಪೂರ್ಣಾವಧಿ ನೌಕರನಿಗೆ ವರ್ಷಕ್ಕೆ 3,340 ಡಾಲರ್. ಇದರಿಂದ ಪಾರಾಗುವುದು ಸುಲಭ. ವಾರ್ಷಿಕ ತಪಾಸಣೆ, ಲಸಿಕೆಗಳಷ್ಟನ್ನೇ ಕೊಡುವ ತೆಳ್ಳನೆಯ ಪ್ಲಾನ್ ಸಾಕು. ನಮ್ಮ ವಲಯದಲ್ಲಿ ಅದಕ್ಕೆ 'ಎಂಇಸಿ (ಮಿನಿಮಮ್ ಎಸೆನ್ಶಿಯಲ್ ಕವರೇಜ್) ಪ್ಲಾನ್' ಎನ್ನುತ್ತಾರೆ. ಹುಡುಗನ ಕೈಯಲ್ಲಿದ್ದದ್ದು ಅದೇ. ಎರಡನೆಯ ದಂಡ, ತಲೆಗೆ 5,010 ಡಾಲರ್, ಬೀಳುವುದು ಪ್ಲಾನ್ ತೀರಾ ಕಳಪೆಯಾಗಿದ್ದರೆ ಅಥವಾ ಕೈಗೆಟುಕದಂತಿದ್ದರೆ. ಅದೂ ಯಾವಾಗ? ನೌಕರ ಅದನ್ನು ಬೇಡವೆಂದು, ಸ್ವಂತಕ್ಕೆ ಪಾಲಿಸಿ ಕೊಳ್ಳುವವರಿಗಾಗಿ ಇರುವ ಸರ್ಕಾರಿ ಮಾರ್ಕೆಟ್‌ಪ್ಲೇಸಿಗೆ ಹೋಗಿ, ಅಲ್ಲಿ ಸಬ್ಸಿಡಿಯಲ್ಲಿ ಪಾಲಿಸಿ ಕೊಂಡಾಗ ಮಾತ್ರ. ಅವನು ಸುಮ್ಮನಿದ್ದರೆ ಕಂಪನಿಗೆ ಏನೂ ಇಲ್ಲ. ಮೊದಲನೆಯ ದಂಡಕ್ಕೂ ಒಬ್ಬನಾದರೂ ನೌಕರ ಹಾಗೆ ಸಬ್ಸಿಡಿ ಪಡೆದಿರಬೇಕು.

ನಾನು ಅವನಿಗೆ ಹೇಳಿದೆ, "ಎಚ್‌ಆರ್‌ಗೆ ಹೇಳಿ ಎಸ್‌ಬಿಸಿ ತರಿಸ್ಕೊಳಪ್ಪ." ಪ್ರತಿ ಪ್ಲಾನಿಗೂ ಇರಲೇಬೇಕಾದ ಸಾರಾಂಶ ಪತ್ರ ಅದು. ಅದರಲ್ಲಿ 'ಪೆಗ್' ಎಂಬಾಕೆಗೆ ಹೆರಿಗೆಯಾದರೆ ಎಷ್ಟು ಖರ್ಚು ಎಂಬ ಮಾದರಿ ಲೆಕ್ಕ ಇರುತ್ತದೆ. ಪೆಗ್ ಪಾಪ ಎಲ್ಲ ಕಂಪನಿಗಳಲ್ಲೂ ಹೆರುತ್ತಲೇ ಇರುತ್ತಾಳೆ. ಇವರ ಪತ್ರದಲ್ಲಿ ಆಸ್ಪತ್ರೆಯ ಬಿಲ್ ಬಹುಪಾಲು ಅವಳ ತಲೆಗೇ ಬಿದ್ದಿತ್ತು. ಆ ಲೆಕ್ಕಕ್ಕಿಂತ ಸ್ವಲ್ಪ ಮೇಲೆ ಎರಡು ಪ್ರಶ್ನೆಗಳಿರುತ್ತವೆ. ಮಿನಿಮಮ್ ಎಸೆನ್ಶಿಯಲ್ ಕವರೇಜ್ ಇದೆಯೇ? ಯೆಸ್. ಮಿನಿಮಮ್ ವ್ಯಾಲ್ಯೂ ಇದೆಯೇ? ನೋ. ವೆಚ್ಚದ ಕನಿಷ್ಠ 60% ಹೊರಬೇಕು, ಆಸ್ಪತ್ರೆ ಮತ್ತು ಡಾಕ್ಟರ ಸೇವೆ ಸಾಕಷ್ಟಿರಬೇಕು ಎಂಬುದು ಎರಡನೆಯ ಪ್ರಶ್ನೆಯ ಅರ್ಥ. ಮೊದಲನೆಯ 'ಯೆಸ್' ನೋಡಿ ಸಮಾಧಾನಪಟ್ಟುಕೊಂಡು ಮುಂದೆ ಓದದವರೇ ಜಾಸ್ತಿ.

ಅವನು ತಿಳಿಯದೆ ಮಾಡಿಕೊಂಡಿದ್ದ ಇನ್ನೊಂದು ಎಡವಟ್ಟಿತ್ತು. ಇಂಥ ಪ್ಲಾನ್ ಬೇಡ ಎಂದವರಿಗೆ, ಆದಾಯ ಮಿತಿಯೊಳಗಿದ್ದರೆ, ಮಾರ್ಕೆಟ್‌ಪ್ಲೇಸಿನಲ್ಲಿ ಸಬ್ಸಿಡಿ ಸಿಗುತ್ತದೆ. ಸೇರಿಕೊಂಡವರಿಗೆ ಸಿಗುವುದಿಲ್ಲ. ಪ್ಲಾನ್ ಎಷ್ಟೇ ಟೊಳ್ಳಾಗಿರಲಿ, ಅದರಲ್ಲಿ ಹೆಸರಿದ್ದರೆ ಮುಗಿಯಿತು. ಪುಣ್ಯಕ್ಕೆ ಅವರ ಕಂಪನಿಯಲ್ಲಿ ಆಗ ವಾರ್ಷಿಕ ನೋಂದಣಿ ನಡೆಯುತ್ತಿತ್ತು. ಜನವರಿ 1ರಿಂದ ಗಂಡ ಹೆಂಡಿರಿಬ್ಬರನ್ನೂ ಅದರಿಂದ ಬಿಡಿಸಿ ಆ ರಾಜ್ಯದ ಮಾರ್ಕೆಟ್‌ಪ್ಲೇಸಾದ ಗೆಟ್ ಕವರ್ಡ್ ನ್ಯೂಜೆರ್ಸಿಯಲ್ಲಿ ಪಾಲಿಸಿ ಮಾಡಿಸಿದೆವು. ಸಬ್ಸಿಡಿ ದೊಡ್ಡದೇನಲ್ಲ. ಆದರೆ ಹೆರಿಗೆ ಆ ಪಾಲಿಸಿಯ ಕಡ್ಡಾಯ ಪಟ್ಟಿಯಲ್ಲಿದೆ, ಆಗಲೇ ಬಸುರಿ ಎಂದು ಯಾರೂ ತಕರಾರು ತೆಗೆಯುವಂತಿಲ್ಲ.

'ಕೈಗೆಟುಕುವ' ಎಂಬುದರ ಲೆಕ್ಕವನ್ನೂ ನೋಡಿ. 2026ಕ್ಕೆ ಆ ಗೆರೆ ಆದಾಯದ 9.96%. ತಿಂಗಳಿಗೆ 6,000 ಡಾಲರ್ ದುಡಿಯುವವನಿಂದ 597 ಡಾಲರ್ ಹಿಡಿದರೂ ಕಾನೂನಿನ ಕಣ್ಣಿಗೆ ಅದು ಅಗ್ಗವೇ. ಅದೂ ಇರುವುದರಲ್ಲಿ ಅತಿ ಕಡಿಮೆ ಬೆಲೆಯ ಪ್ಲಾನಿಗೆ, ನೌಕರ ಒಬ್ಬನಿಗೆ. ಮಕ್ಕಳಿಗೆ ವಿಮೆಯ ಅವಕಾಶ ಕೊಡಬೇಕು ಎಂದಿದೆಯೇ ಹೊರತು ಅವರ ಪ್ರೀಮಿಯಂನಲ್ಲಿ ಕಂಪನಿ ಪಾಲು ಹಾಕಬೇಕು ಎಂದಿಲ್ಲ. ಹೆಂಡತಿಗೆ ಅವಕಾಶ ಕೊಡಲೇಬೇಕು ಎಂದೂ ಇಲ್ಲ. ಊರಿಂದ ಬರುವ ಅಪ್ಪ ಅಮ್ಮನ ವಿಷಯ ಎತ್ತುವುದೇ ಬೇಡ. ಬೆಂಗಳೂರಿನ ಕಂಪನಿಗಳ ಗ್ರೂಪ್ ಪಾಲಿಸಿ ನೆನೆಸಿಕೊಂಡು ಬಂದವರಿಗೆ ಇದು ದೊಡ್ಡ ನಿರಾಸೆ. ಕುಟುಂಬದ ಪ್ರೀಮಿಯಂ ದುಬಾರಿಯಾದರೆ ಹೆಂಡತಿ ಮಕ್ಕಳು ಪ್ರತ್ಯೇಕವಾಗಿ ಸಬ್ಸಿಡಿ ಪಡೆಯಬಹುದು ಎಂಬ ತಿದ್ದುಪಡಿ 2023ರಲ್ಲಿ ಬಂತು.

ನಮ್ಮವರ ಮಟ್ಟಿಗೆ ಆ ಬಾಗಿಲೂ ಮುಚ್ಚಲಿದೆ. 2025ರ ಹೊಸ ಕಾನೂನಿನ ಪ್ರಕಾರ 2027ರಿಂದ ಎಚ್‌1ಬಿ, ಎಚ್‌4ನವರಿಗೆ ಮಾರ್ಕೆಟ್‌ಪ್ಲೇಸ್ ಸಬ್ಸಿಡಿ ಇಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಉಂಟು. ಸಬ್ಸಿಡಿ ಹೋಯಿತು ಎಂದು ಜನ ಬೇಸರಪಡುತ್ತಿದ್ದಾರೆ, ನನಗೆ ಚಿಂತೆ ಅದರ ಹಿಂದಿನದು. ದಂಡ ಬೀಳಬೇಕಾದರೆ ನೌಕರ ಸಬ್ಸಿಡಿ ಪಡೆಯಬೇಕು ಎಂದೆನಲ್ಲ. ವೀಸಾದವರು ಪಡೆಯಲಾರರು ಎಂದಮೇಲೆ, ಅವರಿಗೆ ಕಳಪೆ ಪ್ಲಾನ್ ಕೊಟ್ಟ ಕಂಪನಿಗೆ ಅವರ ಲೆಕ್ಕದಲ್ಲಿ 5,010 ಡಾಲರಿನ ಹೆದರಿಕೆ ಉಳಿಯುವುದಿಲ್ಲ. ಬಹುತೇಕ ಎಚ್‌1ಬಿ ನೌಕರರೇ ಇರುವ ಕನ್ಸಲ್ಟಿಂಗ್ ಕಂಪನಿಗಳು ಈ ಲೆಕ್ಕ ಹಾಕದೆ ಇರುತ್ತವೆಯೇ?

ಮಗು ಮಾರ್ಚಿನಲ್ಲಿ ಹುಟ್ಟಿತು, ಹೆಣ್ಣು. ಅಪ್ಪ ಈಗ ಬೇರೆ ಕಂಪನಿಗಳ ಇಂಟರ್ವ್ಯೂ ಕೊಡುತ್ತಿದ್ದಾನೆ. ಆಫರ್ ಬಂದ ಕಡೆ ಎಸ್‌ಬಿಸಿ ಇಸ್ಕೊಂಡು ನನಗೆ ಕಳಿಸುತ್ತಾನೆ. ಮೊನ್ನೆ ಬಂದದ್ದರಲ್ಲಿ ಎರಡಕ್ಕೂ ಯೆಸ್ ಇತ್ತು. ಮೂರು ಜನಕ್ಕೆ ತಿಂಗಳಿಗೆ ಎಷ್ಟು ಹಿಡೀತಾರೆ ಅಂತ ಸೇರೋಕ್ ಮುಂಚೇನೇ ಕೇಳು ಎಂದಿದ್ದೇನೆ.