ಟೈಟಾನಿಯಂ ಇಂಪ್ಲಾಂಟ್ ಮೇಲಿನ ಐದು ನ್ಯಾನೋಮೀಟರ್

ಕೃತಕ ಸೊಂಟದ ಕೀಲಿನ ದಂಡ, ಮೂಳೆಗೆ ಬಿಗಿಯುವ ಪ್ಲೇಟು, ಸ್ಕ್ರೂ ಇವುಗಳಿಗೆ ಬಹಳವಾಗಿ ಬಳಕೆಯಲ್ಲಿರುವ ಮಿಶ್ರಲೋಹದಲ್ಲಿ ತೂಕದ ಲೆಕ್ಕದಲ್ಲಿ ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ ಇರುತ್ತದೆ, ಉಳಿದದ್ದು ಟೈಟಾನಿಯಂ. ಟೈಟಾನಿಯಂ ಆಮ್ಲಜನಕ ಕಂಡರೆ ಬಿಡದ ಲೋಹ. ಗಾಳಿ ಸೋಕಿದೊಡನೆ ಮೇಲೆ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಸಾಮಾನ್ಯವಾಗಿ ಅದರ ದಪ್ಪ 2ರಿಂದ 7 ನ್ಯಾನೋಮೀಟರ್. ಉಪ್ಪು ತುಂಬಿದ ದೇಹದ್ರವದಲ್ಲಿ ಲೋಹ ಸವೆಯದೆ ಉಳಿಯುವುದು ಈ ಪದರದ ದೆಸೆಯಿಂದ.

ಇದನ್ನು ಓದಲು ಹೆಚ್ಚಾಗಿ ಬಳಸುವ ವಿಧಾನ ಎಕ್ಸ್‌ಪಿಎಸ್, ಅಂದರೆ ಎಕ್ಸ್-ಕಿರಣ ಫೋಟೋಎಲೆಕ್ಟ್ರಾನ್ ಸ್ಪೆಕ್ಟ್ರೋಸ್ಕೋಪಿ. ನಿರ್ವಾತದಲ್ಲಿ 1486.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್-ಕಿರಣ ಹಾಯಿಸಿ, ಹೊರಬಿದ್ದ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುತ್ತಾರೆ. ಅದರಿಂದ ಅವುಗಳ ಬಂಧಕ ಶಕ್ತಿ, ಅಂದರೆ ಪರಮಾಣು ಅವನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತು ಎಂಬುದು, ಸಿಗುತ್ತದೆ; ನಕ್ಷೆಯಲ್ಲಿ ಅದು ಶಿಖರಗಳಾಗಿ ಕಾಣುತ್ತದೆ. ಡೈಆಕ್ಸೈಡ್ ರೂಪದ ಟೈಟಾನಿಯಂನ ಮುಖ್ಯ ಶಿಖರ 458.5ರಿಂದ 459 ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸು (ಮುಂದಿನ ಶಿಖರಗಳ ಅಂಕಿಗಳೂ ಇದೇ ಮಾನದಲ್ಲಿ), ಲೋಹದ್ದು 454ರ ಬಳಿ. ಸುಮಾರು 8 ನ್ಯಾನೋಮೀಟರಿಗಿಂತ ಆಳದ ಎಲೆಕ್ಟ್ರಾನ್‌ಗಳು ಹೊರಬರುವುದೇ ಕಡಿಮೆ. ಹಾಗಾಗಿ 454ರಲ್ಲಿ ಉಬ್ಬು ಕಂಡರೆ ಪದರ ಅದಕ್ಕಿಂತ ತೆಳುವಾಗಿದೆ. ಎರಡು ಶಿಖರಗಳ ಅನುಪಾತದಿಂದ ದಪ್ಪ ಲೆಕ್ಕ ಹಾಕಬಹುದು.

ಎಡವಟ್ಟು ಶುರುವಾಗುವುದು ಮಾದರಿಯನ್ನು ಯಂತ್ರದೊಳಗೆ ಇಡುವ ಮೊದಲೇ. ತುಂಡು ಕತ್ತರಿಸುವಾಗ ಬಿಸಿಯಾದರೆ ಆಕ್ಸೈಡ್ ದಪ್ಪವಾಗುತ್ತದೆ. ಅಸಿಟೋನ್, ಐಸೊಪ್ರೊಪನಾಲ್, ಶುದ್ಧೀಕರಿಸಿದ ನೀರು ಈ ಕ್ರಮದಲ್ಲಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತಲಾ ಹತ್ತು ನಿಮಿಷ ತೊಳೆದು, ಗಾಜಿನ ಡಬ್ಬಿಯಲ್ಲಿಡಬೇಕು; ಪ್ಲಾಸ್ಟಿಕ್ ಚೀಲ ಬೇಡ. 102ರ ಬಳಿ ಸಿಲಿಕಾನ್ ಶಿಖರ ಎದ್ದರೆ ಅದು ಬಹುತೇಕ ಎಲ್ಲಿಂದಲೋ ಅಂಟಿದ ಸಿಲಿಕೋನ್. ಎಷ್ಟೇ ತೊಳೆದರೂ ಗಾಳಿಯಿಂದ ಬಂದ ಇಂಗಾಲ ಮಾತ್ರ ಬಿಡುವುದಿಲ್ಲ. ಅದನ್ನೇ 284.8ಕ್ಕೆ ಹೊಂದಿಸಿ ಉಳಿದ ಶಿಖರಗಳ ಜಾಗ ಸರಿಪಡಿಸುವ ರೂಢಿಯಿದೆ.

ಆ ಇಂಗಾಲವನ್ನು ಕೆರೆದು ಹಾಕಲು ಆರ್ಗಾನ್ ಅಯಾನು ಹಾಯಿಸುವುದು ದೊಡ್ಡ ಪ್ರಲೋಭನೆ. ಹಾಯಿಸುತ್ತ ಹೋದರೆ ಪದರದ ಆಳದ ಚಿತ್ರವೂ ಸಿಗುತ್ತದೆ, ನೋಡಲು ಸೊಗಸಾಗಿಯೂ ಇರುತ್ತದೆ. ಆದರೆ ಅಯಾನುಗಳ ಹೊಡೆತಕ್ಕೆ ಆಮ್ಲಜನಕವೇ ಮೊದಲು ಕಿತ್ತುಹೋಗಿ, ನಾಲ್ಕು ವೇಲೆನ್ಸಿಯ ಟೈಟಾನಿಯಂ ಮೂರಕ್ಕೆ, ಎರಡಕ್ಕೆ ಇಳಿಯುತ್ತದೆ. ಲೋಹದ ಗಡಿಯಲ್ಲಿ ಇಂಥ ಕೆಳ ಆಕ್ಸೈಡುಗಳು ನಿಜಕ್ಕೂ ಇರಬಲ್ಲವು. ಯಾವುದು ಮೊದಲೇ ಇದ್ದದ್ದು, ಯಾವುದು ಅಯಾನು ಹುಟ್ಟಿಸಿದ್ದು ಎಂದು ಆಮೇಲೆ ಬೇರ್ಪಡಿಸಲಾಗದು. ತೆಳು ಪದರಕ್ಕೆ ಮಾದರಿಯನ್ನು ಓರೆ ಮಾಡಿ ಅಳೆಯುವುದೇ ಲೇಸು. ಮೇಲ್ಮೈಯಿಂದ 90 ಡಿಗ್ರಿಯ ಬದಲು 30 ಡಿಗ್ರಿಯಲ್ಲಿ ಹೊರಬರುವ ಎಲೆಕ್ಟ್ರಾನ್ ಹಿಡಿದರೆ ನೋಟದ ಆಳ ಅರ್ಧವಾಗುತ್ತದೆ. ಮೇಲ್ಮೈ ನಯವಾಗಿರಬೇಕು ಅಷ್ಟೆ. ಒರಟಾದದ್ದರ ಮೇಲೆ ಕೋನಕ್ಕೆ ಅರ್ಥವಿಲ್ಲ.

ಅಲ್ಯೂಮಿನಿಯಂ ವಿಷಯದಲ್ಲಿ ಎರಡು ಬಗೆಯ ಮೋಸ. ಎಕ್ಸ್‌ಪಿಎಸ್ ಕೊಡುವುದು ಪರಮಾಣುಗಳ ಶೇಕಡಾವಾರು. ಅಲ್ಯೂಮಿನಿಯಂ ಹಗುರವಾದ್ದರಿಂದ ತೂಕದ ಶೇ. 6 ಎಂಬುದು ಪರಮಾಣು ಲೆಕ್ಕದಲ್ಲಿ ಸುಮಾರು ಶೇ. 10. ಮೂರು ಲೋಹಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ 10 ಬಂತೆಂದು ಮೇಲ್ಮೈಗೆ ಅಲ್ಯೂಮಿನಿಯಂ ಬಂದು ಸೇರಿದೆ ಎನ್ನುವಂತಿಲ್ಲ. ಮೂಳೆ ಹಿಡಿದುಕೊಳ್ಳಲೆಂದು ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿ ಎರಚಿ ಒರಟು ಮಾಡಿದ ಇಂಪ್ಲಾಂಟಿನಲ್ಲಿ ಹರಳುಗಳು ಲೋಹದಲ್ಲೇ ನೆಟ್ಟುಕೊಂಡಿರುತ್ತವೆ. ಅವುಗಳ ಶಿಖರವೂ ಆಕ್ಸೈಡ್ ಪದರದ ಅಲ್ಯೂಮಿನಿಯಂನದೂ 74ರ ಸುತ್ತಲೇ ಬೀಳುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹರಳು ಹುಡುಕದೆ ತೀರ್ಪು ಕೊಡಬಾರದು.

ವನೇಡಿಯಂ ಇನ್ನೂ ತಂಟೆಯದು. ಅದರ ಶಿಖರಗಳು 512ರಿಂದ 525ರ ನಡುವೆ, ಆಮ್ಲಜನಕದ 530ರ ಭಾರೀ ಶಿಖರದ ಪಕ್ಕದಲ್ಲೇ. ಒಂದೇ ಶಕ್ತಿಯ ಎಕ್ಸ್-ಕಿರಣವನ್ನು ಆರಿಸಿ ಬಿಡುವ ಮಾನೋಕ್ರೊಮೇಟರ್ ಇಲ್ಲದ ಉಪಕರಣದಲ್ಲಿ ಆಮ್ಲಜನಕದ ಉಪಶಿಖರಗಳು ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಕೆಳಗೆ ಮೂಡಿ ವನೇಡಿಯಂನಂತೆ ನಟಿಸುತ್ತವೆ. ಮೇಲಾಗಿ ಲೋಹದೊಳಗೆ ವನೇಡಿಯಂ ಸಮನಾಗಿ ಹರಡಿಲ್ಲ, ಬೀಟಾ ಹಂತ ಎಂಬ ಬೇರೆ ಹರಳು ರಚನೆಯ ಕಣಗಳಲ್ಲಿ ಗುಂಪುಗೂಡಿರುತ್ತದೆ. ನೂರಾರು ಮೈಕ್ರೋಮೀಟರ್ ಅಗಲದ ಎಕ್ಸ್‌ಪಿಎಸ್ ಚುಕ್ಕೆ ಎಲ್ಲವನ್ನೂ ಕಲಸಿ ಸರಾಸರಿ ಹೇಳುತ್ತದೆ. ಯಾವ ಕಣದ ಮೇಲಿನ ಆಕ್ಸೈಡಿನಲ್ಲಿ ವನೇಡಿಯಂ ಇದೆ ಎಂದು ತಿಳಿಯಬೇಕಾದರೆ ಹತ್ತಾರು ನ್ಯಾನೋಮೀಟರ್ ಚುಕ್ಕೆಯ ಓಜೆ ವಿಶ್ಲೇಷಣೆಗೆ (ಎಕ್ಸ್-ಕಿರಣದ ಬದಲು ಎಲೆಕ್ಟ್ರಾನ್ ಕಿರಣ ಹಾಯಿಸಿ, ಹೊರಬೀಳುವ ಎಲೆಕ್ಟ್ರಾನ್‌ಗಳ ಶಕ್ತಿ ಓದುವ ವಿಧಾನ) ಹೋಗಬೇಕು.