ಕಿವಿಯ ಬುಡದ ಗಡ್ಡೆ ಮರಳಿ ಬರುವುದೇಕೆ?

ಕಿವಿಯ ಮುಂದೆ ಅಥವಾ ಕೆಳಗೆ, ನೋವಿಲ್ಲದೆ ನಿಧಾನವಾಗಿ ಬೆಳೆಯುವ ಗಟ್ಟಿ ಗಂಟು. ಲಾಲಾರಸ ಗ್ರಂಥಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವ ಈ ಗಡ್ಡೆಯ ಹೆಸರು ಪ್ಲಿಯೋಮಾರ್ಫಿಕ್ ಅಡಿನೋಮಾ. ಇದು ಕ್ಯಾನ್ಸರ್ ಅಲ್ಲ. ಆದರೂ ಶಸ್ತ್ರಚಿಕಿತ್ಸೆಯಾಗಿ ಹತ್ತಾರು ವರ್ಷ ಕಳೆದ ಮೇಲೂ ಅದೇ ಜಾಗದಲ್ಲಿ, ಈ ಬಾರಿ ಹಲವು ಗಂಟುಗಳಾಗಿ, ಅದು ಮರಳಬಲ್ಲದು.

ಕಥೆ ಶುರುವಾಗುವುದು ಮುಖದ ನರದಿಂದ. ಕಣ್ಣು ಮುಚ್ಚಲು, ನಗಲು, ತುಟಿ ಬಿಗಿಯಲು ಬೇಕಾದ ಈ ನರ, ಕಿವಿಯ ಬುಡದಲ್ಲಿರುವ ಲಾಲಾರಸ ಗ್ರಂಥಿಯಾದ ಪೆರೋಟಿಡ್ ಗ್ರಂಥಿಯೊಳಗೇ ಕವಲೊಡೆಯುತ್ತದೆ. 20ನೇ ಶತಮಾನದ ಆರಂಭದ ಶಸ್ತ್ರಚಿಕಿತ್ಸಕರು ಅದಕ್ಕೆ ಪೆಟ್ಟಾದೀತೆಂಬ ಭಯದಿಂದ ಗಡ್ಡೆಯ ಹೊದಿಕೆಯನ್ನು ಸೀಳಿ, ಒಳಗಿನ ತಿರುಳನ್ನಷ್ಟೇ ಬಗೆದು ತೆಗೆಯುತ್ತಿದ್ದರು. ಅಂಥ ರೋಗಿಗಳಲ್ಲಿ ನೂರಕ್ಕೆ 20ರಿಂದ 45ರಷ್ಟು ಮಂದಿಗೆ ಗಡ್ಡೆ ಮತ್ತೆ ಬಂದ ವರದಿಗಳಿವೆ. ಅದು ಮೊದಲಿನಿಂದಲೂ ಹಲವು ಕಡೆ ಹುಟ್ಟಿಕೊಂಡಿರುತ್ತದೆ ಎಂದೇ ಅನೇಕರು ನಂಬಿದ್ದರು.

ಆ ನಂಬಿಕೆಯನ್ನು ಅಲುಗಿಸಿದ್ದು 1958ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಕ ಪೇಟಿ ಮತ್ತು ರೋಗಶಾಸ್ತ್ರಜ್ಞ ಥ್ಯಾಕ್ರೇ ಪ್ರಕಟಿಸಿದ ಅಧ್ಯಯನ. ಗ್ರಂಥಿಯ ಸಮೇತ ತೆಗೆದ ಗಡ್ಡೆಗಳನ್ನು ಅವರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಹೊದಿಕೆ ಕೆಲವೆಡೆ ತೀರಾ ತೆಳು. ಬೆರಳಿನಂಥ ಚಾಚುಗಳು ಅದರಾಚೆಗೂ ಇಣುಕುತ್ತವೆ. ಬಗೆದು ತೆಗೆದಾಗ ಉಳಿಯುತ್ತಿದ್ದದ್ದು ಇವೇ. ಹೊದಿಕೆ ಒಡೆದು ಚೆಲ್ಲಿದ ಜೀವಕೋಶಗಳೂ ಗಾಯದಲ್ಲಿ ಬಿತ್ತಿದಂತೆ ಬೇರೂರುತ್ತವೆ. ಅಷ್ಟರಲ್ಲಾಗಲೇ ನರವನ್ನು ಮೊದಲು ಗುರುತಿಸಿ, ಅದರ ಮೇಲಿನ ಗ್ರಂಥಿಯ ಭಾಗವನ್ನು ಗಡ್ಡೆಯೊಂದಿಗೆ ಇಡಿಯಾಗಿ ತೆಗೆಯುವ ವಿಧಾನ ಬೆಳೆಯುತ್ತಿತ್ತು. ಅದು ನೆಲೆಯೂರಿದ ಮೇಲೆ ಮರುಕಳಿಕೆ ನೂರಕ್ಕೆ ಐದಕ್ಕಿಂತಲೂ ಕೆಳಗಿಳಿಯಿತು. ನರವನ್ನು ಹುಡುಕಿ ಕಾಣುವುದೇ ಅದನ್ನು ಕಾಪಾಡುವ ದಾರಿ ಎಂಬ ಈ ಅರಿವು ನನಗೆ ಬಹು ದೊಡ್ಡದಾಗಿ ತೋರುತ್ತದೆ.

ಮರಳಿದ ಗಡ್ಡೆಯ ಕಷ್ಟವೇ ಬೇರೆ. ಹಳೆಯ ಗಾಯದ ಕಲೆಗಟ್ಟಿದ ಅಂಗಾಂಶದಲ್ಲಿ ನರವೂ ಗಂಟುಗಳೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಾಸಿವೆಯಷ್ಟು ಚಿಕ್ಕವು ಕೈಗೇ ಸಿಗುವುದಿಲ್ಲ. ಆದ್ದರಿಂದ ಮೊದಲು ಎಂಆರ್‌ಐ ಮಾಡಿ ಅವು ಎಲ್ಲೆಲ್ಲಿ ಹರಡಿವೆ ಎಂದು ನೋಡುತ್ತಾರೆ. ಶಸ್ತ್ರಚಿಕಿತ್ಸೆಯ ಉದ್ದಕ್ಕೂ ನರದ ಸ್ಪಂದನವನ್ನು ಯಂತ್ರ ಗಮನಿಸುತ್ತಿರುತ್ತದೆ. ಮೊದಲ ಬಾರಿ ಗಂಟನ್ನಷ್ಟೇ ತೆಗೆದಿದ್ದರೆ ಈಗ ಉಳಿದ ಗ್ರಂಥಿಯನ್ನೂ, ಕೆಲವೊಮ್ಮೆ ಹಳೆಯ ಗಾಯದ ಚರ್ಮವನ್ನೂ ತೆಗೆಯಬೇಕಾಗುತ್ತದೆ. ನರದ ತುಂಡನ್ನೇ ಕತ್ತರಿಸಬೇಕಾಗಿ ಬಂದರೆ ಬೇರೆಡೆಯಿಂದ ತಂದ ನರವನ್ನು ಕಸಿ ಮಾಡುತ್ತಾರೆ, ಆದರೂ ಮುಖದ ಚಲನೆ ಮೊದಲಿನಂತಾಗುವುದಿಲ್ಲ.

ವಯಸ್ಸಾದವರಲ್ಲಿ ಗಂಟುಗಳು ಬೆಳೆಯದಿದ್ದರೆ ಕಾದು ನೋಡುವುದುಂಟು. ಪದೇಪದೇ ಮರಳಿದಾಗ ವಿಕಿರಣ ಚಿಕಿತ್ಸೆಯ ಮಾತು ಬರುತ್ತದೆ, ಆದರೆ ಮುಂದೆ ಅದರಿಂದಲೇ ಕ್ಯಾನ್ಸರ್ ಬಂದೀತೆಂಬ ಆತಂಕದಿಂದ ಎಳೆಯ ರೋಗಿಗಳಿಗೆ ಅದನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ. ಸುಮ್ಮನೆ ಬಿಟ್ಟರೂ ಗಡ್ಡೆಯೇ ಕ್ಯಾನ್ಸರಿಗೆ ತಿರುಗುವ ಸಣ್ಣ ಸಾಧ್ಯತೆಯಿದೆ. ಹೀಗಾಗಿ ಗಡ್ಡೆ ಮರಳಿದವರನ್ನು ದೀರ್ಘಕಾಲ ತಪಾಸಣೆಗೆ ಕರೆಯುವುದುಂಟು.