ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಮೇಲೆ ಡ್ರೈವರ್‌ಗಳಿಗೆ ಯಾಕಿಷ್ಟು ಸಿಟ್ಟು?

ಹೈವೇಯಲ್ಲಿ ವೇಗವನ್ನು 100ಕ್ಕೆ ಸೆಟ್ ಮಾಡಿ ಹೋಗುತ್ತಿದ್ದೀರಿ. ದೂರದಲ್ಲಿ ಒಂದು ಲಾರಿ 70ರಲ್ಲಿದೆ. ನೀವು ಅದನ್ನು ಆಗಲೇ ನೋಡಿದ್ದೀರಿ. ಕನ್ನಡಿ ನೋಡಿಕೊಂಡು, ಬಲಕ್ಕೆ ಸರಿಯೋಣ ಅಂತ ಇಂಡಿಕೇಟರ್ ಹಾಕುವಷ್ಟರಲ್ಲಿ ಕಾರು ತಾನೇ ವೇಗ ಇಳಿಸಿಬಿಡುತ್ತದೆ. ಈಗ ಬಲಗಡೆ ಲೇನ್‌ನಲ್ಲಿ ಬರುತ್ತಿರುವವರ ಮಧ್ಯೆ ಸೇರಿಕೊಳ್ಳಲು ನಿಮ್ಮ ವೇಗ ಸಾಲದು. ಲಾರಿಯ ಹಿಂದೆಯೇ ಸಿಕ್ಕಿಕೊಂಡಿರಿ.

ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಅಂದರೆ ನೀವು ಸೆಟ್ ಮಾಡಿದ ವೇಗದಲ್ಲಿ ಹೋಗುತ್ತಾ, ಮುಂದಿನ ಗಾಡಿಗೆ ತಕ್ಕಂತೆ ತಾನೇ ವೇಗ ಇಳಿಸಿ ಏರಿಸುವ ವ್ಯವಸ್ಥೆ. ಅದಿರುವ ಕಾರು ಓಡಿಸಿದವರಿಗೆಲ್ಲ ಇದು ಗೊತ್ತು. ದೂರುಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಮುಂದೆ ಬಿಟ್ಟ ಜಾಗದಲ್ಲಿ ಯಾರೋ ಮೂಗು ತೂರಿಸುತ್ತಾರೆ, ಕಾರು ಗಕ್ಕನೆ ಬ್ರೇಕ್ ಹಾಕುತ್ತದೆ. ತಿರುವಿನಲ್ಲಿ ಪಕ್ಕದ ಲೇನ್‌ನ ಬಸ್ಸನ್ನು ತನ್ನ ಮುಂದಿನ ಗಾಡಿ ಅಂತ ತಿಳಿದು ಹಿಂಜರಿಯುತ್ತದೆ. ಮುಂದಿನ ಗಾಡಿ ಎಕ್ಸಿಟ್‌ಗೆ ಸರಿದ ಮೇಲೂ ಒಂದೆರಡು ಕ್ಷಣ ತಡವರಿಸುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಜೋರಾಗಿ ಓಡುತ್ತದೆ. ಜೋರು ಮಳೆ ಬಂದರೆ ಅಥವಾ ಬಂಪರ್‌ಗೆ ಕೆಸರು ಮೆತ್ತಿಕೊಂಡರೆ, ಸೆನ್ಸರ್ ಕೆಲಸ ಮಾಡುತ್ತಿಲ್ಲ ಅಂತ ಹೇಳಿ ಆಫ್ ಆಗುತ್ತದೆ.

ಕಂಪನಿ ಬೇರೆ, ಬೆಲೆ ಬೇರೆ, ದೇಶ ಬೇರೆ. ದೂರು ಮಾತ್ರ ಹೆಚ್ಚುಕಡಿಮೆ ಒಂದೇ. ಇವನ್ನು ಹೊಸ ತಂತ್ರಜ್ಞಾನದ ಬಾಲಾರಿಷ್ಟ ಅಂತ ತಳ್ಳಿಹಾಕುವಂತಿಲ್ಲ. ಈ ವ್ಯವಸ್ಥೆ ಮಾರುಕಟ್ಟೆಗೆ ಬಂದು ಮೂವತ್ತು ವರ್ಷವಾಯಿತು. ತೊಂದರೆಯ ಬೇರು ಅದನ್ನು ಯಾವ ಉದ್ದೇಶಕ್ಕೆ ಕಟ್ಟಿದರು, ಎಂಥ ರಸ್ತೆಗೆ ಕಟ್ಟಿದರು ಅನ್ನುವುದರಲ್ಲಿದೆ.

ಮೊದಲು ಸಾದಾ ಕ್ರೂಸ್ ಕಂಟ್ರೋಲ್ ಬಂತು. ಅದನ್ನು ರೂಪಿಸಿದ ರಾಲ್ಫ್ ಟೀಟರ್ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. 1890ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದ ಅವರು ಐದನೇ ವಯಸ್ಸಿನಲ್ಲಿ ಪೆಟ್ಟಾಗಿ ದೃಷ್ಟಿ ಕಳೆದುಕೊಂಡರು. ಆದರೂ ಎಂಜಿನಿಯರ್ ಆದರು. ಪಿಸ್ಟನ್ ರಿಂಗ್ ತಯಾರಿಸುವ ಕಂಪನಿ ನಡೆಸಿದರು. ಅವರ ವಕೀಲರು ಕಾರು ಓಡಿಸುವಾಗ ಮಾತಾಡುತ್ತಾ ವೇಗ ಇಳಿಸುತ್ತಿದ್ದರಂತೆ, ಕೇಳಿಸಿಕೊಳ್ಳುವಾಗ ಏರಿಸುತ್ತಿದ್ದರಂತೆ. ಪಕ್ಕದಲ್ಲಿ ಕೂತ ಟೀಟರ್ ಅವರಿಗೆ ಆ ಜಗ್ಗಾಟ ಸಹಿಸಲಾಗದೆ, ವೇಗವನ್ನು ಒಂದೇ ಸಮ ಇಡುವ ಸಾಧನದ ಕೆಲಸ ಶುರುವಾಯಿತು ಅನ್ನುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು. 1958ರ ಮಾದರಿಯ ಇಂಪೀರಿಯಲ್ ಕಾರಿನಲ್ಲಿ ಕ್ರೈಸ್ಲರ್ ಅದನ್ನು ಕೊಟ್ಟಿತು. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ವೇಗದ ಮಿತಿ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ.ಗೆ ಇಳಿದಾಗ ಇದಕ್ಕೆ ಬೇಡಿಕೆ ಹೆಚ್ಚಿತು.

ಆ ಹಳೆಯ ಸಾಧನದಲ್ಲಿ ಗೊಂದಲವೇ ಇರಲಿಲ್ಲ. ನೀವು ಹೇಳಿದ ವೇಗವನ್ನು ಕಾರು ಹಿಡಿದುಕೊಳ್ಳುತ್ತದೆ, ಅಷ್ಟೇ. ಮುಂದೆ ಏನಿದೆ ಅಂತ ನೋಡುವುದು ನಿಮ್ಮ ಕೆಲಸ. ಇವತ್ತಿಗೂ ಎಷ್ಟೋ ಜನ ಅದನ್ನೇ ವಾಪಸ್ ಕೇಳುತ್ತಿರುವುದು ಈ ಕಾರಣಕ್ಕೇ.

ಮುಂದಿನ ಹೆಜ್ಜೆ ಇಟ್ಟದ್ದು ಜಪಾನ್. 1992ರಲ್ಲಿ ಮಿತ್ಸುಬಿಷಿ ತನ್ನ ಡೆಬೊನೇರ್ ಕಾರಿಗೆ ಲೇಸರ್ ಸೆನ್ಸರ್ ಹಾಕಿತು. ಅದು ಮುಂದಿನ ಗಾಡಿ ಹತ್ತಿರವಾದಾಗ ಎಚ್ಚರಿಸುತ್ತಿತ್ತು, ಬೇರೇನೂ ಮಾಡುತ್ತಿರಲಿಲ್ಲ. 1995ರಲ್ಲಿ ಅದೇ ಕಂಪನಿಯ ಡಯಮಾಂಟೆ ಬಂತು. ಇದು ಆಕ್ಸಿಲರೇಟರ್ ಬಿಟ್ಟು, ಗೇರ್ ಇಳಿಸಿ, ತಾನೇ ವೇಗ ಕಮ್ಮಿ ಮಾಡುತ್ತಿತ್ತು. ಬ್ರೇಕ್ ಮಾತ್ರ ಮುಟ್ಟುತ್ತಿರಲಿಲ್ಲ. ಯೂರೋಪಿನಲ್ಲಿ ಪ್ರೊಮಿಥಿಯಸ್ ಅನ್ನುವ ದೊಡ್ಡ ಸಂಶೋಧನಾ ಯೋಜನೆಯಲ್ಲಿ ಕಾರು ಕಂಪನಿಗಳೂ ವಿಶ್ವವಿದ್ಯಾಲಯಗಳೂ ತಾನೇ ಓಡುವ ಕಾರಿನ ಪ್ರಯೋಗ ನಡೆಸುತ್ತಿದ್ದವು. ಅದರಲ್ಲಿದ್ದ ಮರ್ಸಿಡಿಸ್ ಬೆಂಜ್, 1990ರ ದಶಕ ಮುಗಿಯುವ ಹೊತ್ತಿಗೆ ಎಸ್-ಕ್ಲಾಸ್ ಕಾರಿನಲ್ಲಿ ಡಿಸ್ಟ್ರಾನಿಕ್ ಅನ್ನುವ ವ್ಯವಸ್ಥೆ ತಂದಿತು. ಅದರಲ್ಲಿದ್ದದ್ದು 77 ಗಿಗಾಹರ್ಟ್ಸ್ ರೇಡಾರ್, ಅಂದರೆ ರೇಡಿಯೊ ಅಲೆ ಕಳಿಸಿ ಅದರ ಪ್ರತಿಧ್ವನಿಯಿಂದ ದೂರ, ವೇಗ ಅಳೆಯುವ ಸೆನ್ಸರ್. ಇದು ಬ್ರೇಕನ್ನೂ ಹಾಕುತ್ತಿತ್ತು, ಆದರೆ ಕಾರಿನ ಪೂರ್ತಿ ಬ್ರೇಕ್ ಶಕ್ತಿಯಲ್ಲಿ ಐದನೇ ಒಂದು ಭಾಗದಷ್ಟು ಮಾತ್ರ. ಅದಕ್ಕಿಂತ ಜಾಸ್ತಿ ಬೇಕಾದರೆ ಬೀಪ್ ಅಂತ ಕೂಗಿ ಡ್ರೈವರ್‌ಗೆ ಬಿಟ್ಟುಕೊಡುತ್ತಿತ್ತು. ಪೂರ್ತಿ ನಿಲ್ಲುವವರೆಗೂ ವೇಗ ಇಳಿಸಬಲ್ಲ ಡಿಸ್ಟ್ರಾನಿಕ್ ಪ್ಲಸ್ ಬಂದದ್ದು 2005ರಲ್ಲಿ.

ಈ ಘಟ್ಟದಲ್ಲಿ ಆದ ಒಂದು ತೀರ್ಮಾನ ಇವತ್ತಿನ ಅರ್ಧ ಸಿಟ್ಟಿಗೆ ಕಾರಣ. ಇದನ್ನು ಕಂಪನಿಗಳು ಕಟ್ಟಿದ್ದೂ ಮಾರಿದ್ದೂ ಆರಾಮದ ಸೌಲಭ್ಯವಾಗಿ, ಅಪಘಾತ ತಪ್ಪಿಸುವ ಸಾಧನವಾಗಿ ಅಲ್ಲ. 2002ರಲ್ಲಿ ಬಂದ ಐಎಸ್ಒ 15622 ಅನ್ನುವ ಅಂತರರಾಷ್ಟ್ರೀಯ ಮಾನದಂಡವೂ ಹಾಗೇ ನೋಡಿತು. ವ್ಯವಸ್ಥೆ ಎಷ್ಟು ಜೋರಾಗಿ ಬ್ರೇಕ್ ಹಾಕಬಹುದು ಅನ್ನುವುದಕ್ಕೆ ಅದು ಮಿತಿ ಹಾಕಿದೆ. ಹೈವೇ ವೇಗದಲ್ಲಿ ಆ ಮಿತಿ, ಮನುಷ್ಯ ಗಾಬರಿಯಲ್ಲಿ ತುಳಿಯುವ ಬ್ರೇಕಿನ ಅರ್ಧಕ್ಕಿಂತ ಕಮ್ಮಿ. ಅಪಾಯ ಕಂಡಾಗ ಪೂರ್ತಿ ಬ್ರೇಕ್ ಹಾಕುವ ಸ್ವಯಂಚಾಲಿತ ತುರ್ತು ಬ್ರೇಕ್ ಬೇರೆಯೇ ವ್ಯವಸ್ಥೆ. ಎರಡೂ ಒಂದೇ ಕಾರಿನಲ್ಲಿ, ಎಷ್ಟೋ ಸಲ ಒಂದೇ ಸೆನ್ಸರ್ ಇಟ್ಟುಕೊಂಡು ಕೆಲಸ ಮಾಡುತ್ತವೆ. ಹಾಗಾಗಿ ಕೊಳ್ಳುವವರಿಗೆ ಎರಡೂ ಒಂದೇ ಅನಿಸುತ್ತದೆ. ಶೋರೂಮಿನಲ್ಲಿ ಎರಡನ್ನೂ 'ಅಡಾಸ್' (ಡ್ರೈವರ್‌ಗೆ ನೆರವಾಗುವ ವ್ಯವಸ್ಥೆಗಳು) ಅನ್ನುವ ಒಂದೇ ಹೆಸರಿನಲ್ಲಿ ತೋರಿಸುತ್ತಾರೆ.

ಎರಡನೇ ತೀರ್ಮಾನ ಇನ್ನೂ ಗಂಭೀರ. ನಿಂತ ವಸ್ತುಗಳನ್ನು ಏನು ಮಾಡುವುದು?

ರೇಡಾರ್‌ಗೆ ಚಲಿಸುವ ವಸ್ತುವಿನ ವೇಗ ಬಹಳ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ರಸ್ತೆ ತುಂಬ ನಿಂತ ಲೋಹವೇ ಇರುತ್ತದಲ್ವಾ? ಸೈನ್ ಬೋರ್ಡು, ಸೇತುವೆಯ ಕಬ್ಬಿಣ, ತಡೆಬೇಲಿ, ಮ್ಯಾನ್‌ಹೋಲ್ ಮುಚ್ಚಳ. ಹಳೆಯ ರೇಡಾರ್‌ಗಳಿಗೆ ಎತ್ತರ ಸರಿಯಾಗಿ ತಿಳಿಯುತ್ತಿರಲಿಲ್ಲ. ತಲೆಯ ಮೇಲಿನ ಬೋರ್ಡಿಗೂ ರಸ್ತೆಯಲ್ಲಿ ನಿಂತ ಲಾರಿಗೂ ವ್ಯತ್ಯಾಸ ಗೊತ್ತಾಗದು. ಪ್ರತಿ ಬೋರ್ಡಿಗೂ ಬ್ರೇಕ್ ಹಾಕಿದರೆ ಯಾರೂ ಕಾರು ಕೊಳ್ಳುವುದಿಲ್ಲ. ಹಾಗಾಗಿ ಎಂಜಿನಿಯರ್‌ಗಳು ಮೊದಲಿನಿಂದಲೂ ನಿಂತಿರುವ ಪ್ರತಿಧ್ವನಿಗಳನ್ನು ಹೆಚ್ಚಿನ ವೇಗದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಬರೆದರು. ಚಲಿಸುತ್ತಿದ್ದು ಆಮೇಲೆ ನಿಂತ ಗಾಡಿ ಗೊತ್ತಾಗುತ್ತದೆ. ಮೊದಲೇ ನಿಂತಿದ್ದ ಗಾಡಿ ಎಷ್ಟೋ ಸಲ ಗೊತ್ತಾಗುವುದಿಲ್ಲ. ಇದು ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಇರುತ್ತದೆ. ಅದನ್ನು ಓದುವವರು ಎಷ್ಟು ಜನ?

2018ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ ಆದದ್ದು ಇದೇ. ಟೆಸ್ಲಾ ಮಾಡೆಲ್ ಎಸ್ ಒಂದು ದಟ್ಟ ಟ್ರಾಫಿಕ್‌ನಲ್ಲಿ ಮುಂದಿನ ಗಾಡಿಯ ಹಿಂದೆ ನಿಧಾನವಾಗಿ ಹೋಗುತ್ತಿತ್ತು. ಕ್ರೂಸ್ ವೇಗ ಗಂಟೆಗೆ 80 ಮೈಲಿ, ಅಂದರೆ ಸುಮಾರು 129 ಕಿ.ಮೀ.ಗೆ ಸೆಟ್ ಆಗಿತ್ತು. ಮುಂದಿನ ಗಾಡಿ ಪಕ್ಕದ ಲೇನ್‌ಗೆ ಸರಿಯಿತು. ರಸ್ತೆ ಖಾಲಿಯಾಯಿತು ಅಂದುಕೊಂಡ ಕಾರು ವೇಗ ಏರಿಸಿತು. ಅಲ್ಲೇ ಎದುರಿಗೆ, ಬೇರೊಂದು ಅಪಘಾತಕ್ಕೆ ಬಂದ ಅಗ್ನಿಶಾಮಕ ವಾಹನ ನಿಂತಿತ್ತು. ಸುಮಾರು 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನ್ನ ವರದಿಯಲ್ಲಿ ಡ್ರೈವರ್‌ನ ಅಜಾಗರೂಕತೆಯನ್ನೂ ಹೇಳಿತು, ಹಾಗೆ ಮೈಮರೆಯಲು ಅವಕಾಶ ಕೊಟ್ಟ ವ್ಯವಸ್ಥೆಯ ವಿನ್ಯಾಸವನ್ನೂ ಹೇಳಿತು. ಎರಡನ್ನೂ ಒಟ್ಟಿಗೆ ಹೇಳಿದ್ದು ಸರಿ ಅಂತ ನನಗನಿಸುತ್ತದೆ. ಕಂಪನಿಗಳು ಬರೀ ಡ್ರೈವರ್ ಕಡೆ ಬೆರಳು ತೋರಿಸಿ ಕೈ ತೊಳೆದುಕೊಳ್ಳಬಾರದು.

ಇದರ ಉಲ್ಟಾ ತೊಂದರೆಯೂ ಇದೆ. ಏನೂ ಇಲ್ಲದ ಕಡೆ ಬ್ರೇಕ್. ಟೆಸ್ಲಾ 2021ರ ಮೇ ತಿಂಗಳಲ್ಲಿ ಉತ್ತರ ಅಮೆರಿಕದ ಮಾಡೆಲ್ 3 ಮತ್ತು ಮಾಡೆಲ್ ವೈ ಕಾರುಗಳಿಂದ ರೇಡಾರ್ ತೆಗೆದು, ಕ್ಯಾಮೆರಾವನ್ನೇ ನಂಬಿತು. 2022ರ ಫೆಬ್ರವರಿಯಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ತನಿಖೆ ಶುರುಮಾಡಿತು. ಹೈವೇಯಲ್ಲಿ ಸುಮ್ಸುಮ್ನೆ ಬ್ರೇಕ್ ಬೀಳುತ್ತದೆ ಅಂತ ಒಂಬತ್ತು ತಿಂಗಳಲ್ಲಿ 354 ದೂರು ಬಂದಿದ್ದವು. ತನಿಖೆಗೆ ಒಳಪಟ್ಟ ಕಾರುಗಳು ಸುಮಾರು 4,16,000. ಒಂದು ಕಡೆ ಸೂಕ್ಷ್ಮತೆ ಕಮ್ಮಿ ಮಾಡಿದರೆ ನಿಂತ ಲಾರಿ ಕಾಣುವುದಿಲ್ಲ. ಜಾಸ್ತಿ ಮಾಡಿದರೆ ನೆರಳಿಗೂ ಬ್ರೇಕ್ ಬೀಳುತ್ತದೆ. ಈ ಎಳೆದಾಟ ಮೂವತ್ತು ವರ್ಷದಿಂದ ನಡೆಯುತ್ತಿದೆ. ಎತ್ತರವನ್ನೂ ಅಳೆಯುವ ಹೊಸ ರೇಡಾರ್‌ಗಳು, ಕ್ಯಾಮೆರಾ ಮತ್ತು ರೇಡಾರ್ ಎರಡನ್ನೂ ಹೋಲಿಸಿ ನೋಡುವ ಸಾಫ್ಟ್‌ವೇರ್ ಬಂದ ಮೇಲೆ ಸುಧಾರಿಸಿದೆ, ಪೂರ್ತಿ ಮುಗಿದಿಲ್ಲ.

ಇನ್ನು ಮುಂದಿನ ಗಾಡಿಗೆ ಬಿಡುವ ಗ್ಯಾಪ್ ವಿಷಯ. ಇದು ಮೀಟರಿನಲ್ಲಿ ಅಲ್ಲ, ಸೆಕೆಂಡಿನಲ್ಲಿ ಲೆಕ್ಕ. 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಎರಡು ಸೆಕೆಂಡಿನ ಗ್ಯಾಪ್ ಅಂದರೆ ಸುಮಾರು 56 ಮೀಟರ್. ಮಾನದಂಡದ ಪ್ರಕಾರ 0.8 ಸೆಕೆಂಡಿಗಿಂತ ಕಮ್ಮಿ ಗ್ಯಾಪ್ ಕೊಡುವಂತಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಈ ಲೆಕ್ಕ ಸರಿಯಾಗಿಯೇ ಇದೆ. ಕಾರುಗಳಿಂದ ತುಂಬಿದ ರಸ್ತೆಯಲ್ಲಿ 56 ಮೀಟರ್ ಖಾಲಿ ಬಿಟ್ಟರೆ ಮಾತ್ರ ಯಾರಾದರೂ ನುಗ್ಗೇ ನುಗ್ಗುತ್ತಾರೆ. ಆಗ ಕಾರು ಹಿಂದೆ ಸರಿದು ಹೊಸ ಗ್ಯಾಪ್ ಮಾಡುತ್ತದೆ, ಅದರಲ್ಲಿ ಇನ್ನೊಬ್ಬರು. ಡ್ರೈವರ್ ಆದರೆ ನುಗ್ಗುವವರ ಮುಂಚಕ್ರ ತಿರುಗುವುದನ್ನು ನೋಡಿಯೇ ಆಕ್ಸಿಲರೇಟರ್ ಸ್ವಲ್ಪ ಬಿಟ್ಟಿರುತ್ತಾನೆ. ಜಾತ್ರೆಯಲ್ಲಿ ಮುಂದಿನವನ ಬೆನ್ನನ್ನಷ್ಟೇ ನೋಡಿಕೊಂಡು ನಡೆಯುವವನ ಹಾಗೆ, ಈ ವ್ಯವಸ್ಥೆಗೆ ಗೊತ್ತಿರುವುದು ತನ್ನ ಮುಂದಿನ ಒಂದು ಗಾಡಿ. ಅದರಾಚೆ ಬ್ರೇಕ್ ಲೈಟುಗಳ ಸಾಲೇ ಹೊತ್ತಿಕೊಂಡರೂ ಹೆಚ್ಚಿನ ಕಾರುಗಳಿಗೆ ಅದು ಲೆಕ್ಕಕ್ಕಿಲ್ಲ.

ಇದರ ಪರಿಣಾಮ ಒಬ್ಬ ಡ್ರೈವರ್‌ಗೆ ನಿಲ್ಲುವುದಿಲ್ಲ. ಜಪಾನಿನ ಸಂಶೋಧಕರು 2008ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 230 ಮೀಟರಿನ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದರು. ಯಾವ ಅಡ್ಡಿ ಇಲ್ಲದೆಯೇ ಟ್ರಾಫಿಕ್ ಜಾಮ್ ಹುಟ್ಟಿತು. ಒಬ್ಬರ ಸಣ್ಣ ಬ್ರೇಕ್ ಹಿಂದಿನವರಿಗೆ ದೊಡ್ಡದಾಗುತ್ತಾ ಹೋಯಿತು. ಯಂತ್ರ ಬಂದರೆ ಇದು ಹೋಗುತ್ತದೆ ಅನ್ನುವ ನಿರೀಕ್ಷೆ ಇತ್ತು. ಆದರೆ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡೇನಿಯಲ್ ವರ್ಕ್ ಮತ್ತು ಜೊತೆಗಾರರು 2018ರ ಏಳು ಮಾದರಿಯ ಕಾರುಗಳನ್ನು ಪರೀಕ್ಷಿಸಿದಾಗ, ಏಳರಲ್ಲೂ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಮುಂದಿನ ಏರಿಳಿತವನ್ನು ಹಿಂದಕ್ಕೆ ದೊಡ್ಡದು ಮಾಡಿಯೇ ದಾಟಿಸುತ್ತಿತ್ತು. ಇದೇ ಗುಂಪಿನವರೂ ಸೇರಿ 2022ರ ನವೆಂಬರ್‌ನಲ್ಲಿ ನ್ಯಾಶ್‌ವಿಲ್ ಹತ್ತಿರದ ಐ-24 ಹೈವೇಯಲ್ಲಿ 100 ಕಾರುಗಳಿಗೆ ತಿದ್ದಿದ ಕ್ರೂಸ್ ಕಂಟ್ರೋಲ್ ಹಾಕಿ, ಜಾಮ್ ತಗ್ಗಿಸುವ ಪ್ರಯೋಗ ನಡೆಸಿದರು. ಅಂದರೆ ದಾರಿ ಇದೆ. ಅಂಗಡಿಯಲ್ಲಿ ಸಿಗುವ ಕಾರಿಗೆ ಅದು ಬರಬೇಕಷ್ಟೆ.

ಕಾರಿನ ಮಾತು ಇಷ್ಟಾಯಿತು. ಡ್ರೈವರ್ ಸ್ಥಿತಿಯೂ ಬದಲಾಗಿದೆ. ಕಾಲು ಪೆಡಲ್ ಮೇಲಿಲ್ಲ, ಆದರೂ ಕಣ್ಣು ಬಿಟ್ಟು ಕಾಯುತ್ತಿರಬೇಕು. ಯಾವ ಕ್ಷಣದಲ್ಲಿ ಯಂತ್ರ ಕೈಬಿಡುತ್ತದೋ ಗೊತ್ತಿಲ್ಲ. ಬ್ರಿಟನ್ನಿನ ಮನಃಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಕಾರ್ಖಾನೆಗಳ ಬಗ್ಗೆ ಬರೆಯುತ್ತಾ ಇದನ್ನು ವಿವರಿಸಿದ್ದರು. ಸುಲಭದ ಕೆಲಸವನ್ನು ಯಂತ್ರಕ್ಕೆ ಕೊಟ್ಟು, ಕಷ್ಟದ್ದನ್ನು ಮಾತ್ರ ಮನುಷ್ಯನಿಗೆ ಉಳಿಸಿದರೆ, ಅಭ್ಯಾಸ ತಪ್ಪಿದ ಮನುಷ್ಯನೇ ಅತಿ ಕಷ್ಟದ ಹೊತ್ತಿನಲ್ಲಿ ಮುಂದೆ ಬರಬೇಕಾಗುತ್ತದೆ. ಕ್ರೂಸ್ ಹಾಕಿಕೊಂಡು ಗಂಟೆಗಟ್ಟಲೆ ಹೋದವರಿಗೆ ಆಗುವ ದಣಿವು ಇದರದ್ದೇ. ಆರಾಮಕ್ಕೆ ಅಂತ ದುಡ್ಡು ಕೊಟ್ಟವರಿಗೆ ಕಾವಲಿನ ಕೆಲಸ ಸಿಕ್ಕರೆ ಸಿಟ್ಟು ಬರದೆ ಇರುತ್ತದೆಯೇ?

ಭಾರತಕ್ಕೆ ಇದೆಲ್ಲ ತಡವಾಗಿ ಬಂತು. ವಾಹನಗಳ 76–77 ಗಿಗಾಹರ್ಟ್ಸ್ ರೇಡಾರ್‌ಗೆ ಇಲ್ಲಿ ಪರವಾನಗಿ ವಿನಾಯಿತಿ ಸಿಕ್ಕಿದ್ದು 2015ರಲ್ಲಿ. 2020ರಲ್ಲಿ ಎಂಜಿ ಗ್ಲೋಸ್ಟರ್, 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ700 ಬಂದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಅಡಾಸ್ ಅನ್ನುವ ಮಾತು ತಲುಪಿತು. 2022ರಲ್ಲಿ ಹೋಂಡಾ ಸಿಟಿ ಹೈಬ್ರಿಡ್ ಬಂತು. ಆಮೇಲೆ ಹ್ಯುಂಡೈ, ಕಿಯಾ, ಟಾಟಾ ಸಾಲುಸಾಲಾಗಿ ಬಂದವು.

ಜರ್ಮನಿಯ ಆಟೊಬಾನ್ ಹೆದ್ದಾರಿಗಳಲ್ಲಿ ಬೆಳೆದ ವ್ಯವಸ್ಥೆಗೆ ನಮ್ಮ ರಸ್ತೆ ಪೂರ್ತಿ ಹೊಸದು. ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿದ ಮೇಲೆ ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ನಿಷೇಧಿಸಿದರು. ಅಂಥ ರಸ್ತೆಯಲ್ಲಿ ಕ್ರೂಸ್ ಸ್ವಲ್ಪ ನೆಮ್ಮದಿಯಾಗಿ ಕೆಲಸ ಮಾಡುತ್ತದೆ. ಉಳಿದ ಕಡೆ ಹಾಗಲ್ಲ. ಕಬ್ಬು ತುಂಬಿ, ಹಿಂದೆ ದೀಪವೇ ಇಲ್ಲದೆ ಹೋಗುವ ಟ್ರ್ಯಾಕ್ಟರ್. ಲೇನಿನ ಅಂಚಿನಲ್ಲಿ ಹೋಗುವ ಬೈಕು. ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರ್. ರಸ್ತೆ ದಾಟುವ ದನ. ಎದುರಿನಿಂದ ಬರುವ ಗಾಡಿ, ಪ್ರಾಣಿ ಇವು ಕ್ರೂಸ್ ಕಂಟ್ರೋಲ್‌ನ ಲೆಕ್ಕದಲ್ಲಿ ಇಲ್ಲ ಅಂತ ಕೈಪಿಡಿಗಳೇ ಹೇಳುತ್ತವೆ. ಅಂಚಿನಲ್ಲಿ ಹೋಗುವ ಬೈಕುಗಳನ್ನು ಗುರುತಿಸಲು ಈ ವ್ಯವಸ್ಥೆಗಳು ತಡಬಡಾಯಿಸುತ್ತವೆ ಅನ್ನುವುದು ನೆದರ್‌ಲ್ಯಾಂಡ್ಸ್‌ನ ವಾಹನ ಪ್ರಾಧಿಕಾರ ನಡೆಸಿದ ಪರೀಕ್ಷೆಯಲ್ಲೂ ಕಂಡಿದೆ. ಬೈಕುಗಳೇ ಹೆಚ್ಚಿರುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಬಾಷ್, ಮರ್ಸಿಡಿಸ್ ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ. ನಮ್ಮ ರಸ್ತೆಗೆ ಹೊಂದಿಸುವ ಕೆಲಸಕ್ಕೆ ಬೇಕಾದ ಜನ ನಮ್ಮಲ್ಲೇ ಇದ್ದಾರೆ.

ಕೂಡಲೇ ಮಾಡಬಹುದಾದ ಕೆಲಸಗಳೂ ಇವೆ. ಸಾದಾ ಕ್ರೂಸ್ ಬೇಕಾದವರಿಗೆ ಅದನ್ನು ಆರಿಸಿಕೊಳ್ಳುವ ಬಟನ್ ಕೊಡಿ. ಕೆಲವು ಕಂಪನಿಗಳು ಕೊಡುತ್ತಿವೆ, ಹಲವು ಕೊಡುತ್ತಿಲ್ಲ. ಕೀ ಕೈಗಿಡುವ ದಿನ ಶೋರೂಮಿನವರು ಅರ್ಧ ಗಂಟೆ ಜೊತೆಗೆ ಕೂತು, ಈ ಕಾರಿಗೆ ಏನು ಕಾಣುವುದಿಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳಬೇಕು. ಕಾಣುವುದನ್ನು ಜಾಹೀರಾತು ಆಗಲೇ ಹೇಳಿದೆ.

ಪರೀಕ್ಷೆಯ ವಿಷಯದಲ್ಲಿ, ಕಾರುಗಳ ಸುರಕ್ಷತೆ ಅಳೆದು ನಕ್ಷತ್ರ ಕೊಡುವ ಯೂರೋಪಿನ ಸಂಸ್ಥೆ ಯೂರೋ ಎನ್‌ಸಿಎಪಿ ಮುಂದಿದೆ. 2020ರಿಂದ ಅದು ಸಹಾಯಕ ಚಾಲನಾ ವ್ಯವಸ್ಥೆಗಳಿಗೆ ಬೇರೆಯೇ ದರ್ಜೆ ಕೊಡುತ್ತಿದೆ. ಅಡ್ಡ ನುಗ್ಗುವ ಕಾರು, ಮುಂದಿನ ಗಾಡಿ ಸರಿದಾಗ ಎದುರಾಗುವ ನಿಂತ ಕಾರು, ಎರಡೂ ಅದರ ಪರೀಕ್ಷೆಯಲ್ಲಿವೆ. ಡ್ರೈವರ್ ಗಮನವನ್ನು ಹಿಡಿದಿಡುತ್ತದೆಯೇ ಅನ್ನುವುದಕ್ಕೂ ಅಂಕವಿದೆ. ನಮ್ಮ ಭಾರತ್ ಎನ್‌ಸಿಎಪಿ 2023ರ ಅಕ್ಟೋಬರ್‌ನಲ್ಲಿ ಶುರುವಾದಾಗ ಡಿಕ್ಕಿಯಲ್ಲಿ ಕಾರು ಎಷ್ಟು ಕಾಪಾಡುತ್ತದೆ ಅನ್ನುವುದಕ್ಕೇ ಮುಖ್ಯವಾಗಿ ನಕ್ಷತ್ರ ಕೊಟ್ಟಿತು, ಕ್ರೂಸ್ ಕಂಟ್ರೋಲ್ ಅದರ ಅಂಕಪಟ್ಟಿಯಲ್ಲಿ ಇರಲಿಲ್ಲ. ಈ ಪರೀಕ್ಷೆ ಅಲ್ಲಿಗೂ ಬರಬೇಕು. ಬರುವಾಗ ಯೂರೋಪಿನ ಪಟ್ಟಿಯನ್ನು ಹಾಗೇ ಇಳಿಸಿಕೊಂಡರೆ ಸಾಲದು. ಲೇನಿನ ಅಂಚಿನ ಬೈಕು, ರಾತ್ರಿ ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೇಲರ್, ಎರಡು ಲೇನಿನ ಮಧ್ಯದ ಗೆರೆ ಮೇಲೆಯೇ ಹೋಗುವ ಆಟೊ ಆ ಪರೀಕ್ಷೆಯಲ್ಲಿ ಇರಬೇಕು. ಯಾವ ಮಾದರಿ ಯಾವುದರಲ್ಲಿ ಫೇಲಾಯಿತು ಅನ್ನುವುದನ್ನು ಕಾರು ಬುಕ್ ಮಾಡುವ ಮೊದಲೇ ಕೊಳ್ಳುವವರು ನೋಡುವಂತಿರಬೇಕು.